ಕಕ್ಕಿಂಜೆಯ ವಿದ್ಯುದ್ದೀಪಗಳು

ಮಂಗಳೂರಿನಿಂದ ಮೂಡಣ ದಿಕ್ಕಿಗೆ ಹೊರಟ ಹೆದ್ದಾರಿಯು ಬಂಟ್ವಾಳ, ಬೆಳ್ತಂಗಡಿ, ಉಜಿರೆ, ಮುಂಡಾಜೆಗಳನ್ನು ಹಾದು, ಚಾರ್ಮಾಡಿ ಘಟ್ಟವನ್ನೇರುವ ಮುನ್ನ ಒಂದು ಚಿಕ್ಕ ಪೇಟೆಯಲ್ಲಿ ಉಸಿರು ತಿರುಗಿಸಿಕೊಳ್ಳುವಂತೆ ತೋರುವುದು. ಅದೇ ಕಕ್ಕಿಂಜೆ. ಧರ್ಮಸ್ಥಳದ ಯಾತ್ರಿಕರು ಉಜಿರೆಯಲ್ಲಿಯೇ ದಾರಿ ಬಿಟ್ಟು ಹೋಗುವುದರಿಂದ ಅವರಿಗೆ ಈ ಊರು ಕಾಣಸಿಗದು. ಕೊಟ್ಟಿಗೆಹಾರ, ಮೂಡಿಗೆರೆಗಳ ಕಡೆಗೆ ಹೋಗುವವರು ಘಟ್ಟದ ಚಿಂತೆಯಲ್ಲಿ ಇದನ್ನು ಕಂಡೂ ಕಾಣದೆ ದಾಟುತ್ತಾರೆ. ಆದರೂ ಒಂದು ದಿನ ನಿಂತು ನೋಡತಕ್ಕ ಊರು ಇದು. ಪೇಟೆಯ ಹಿಂದೆ ಅಡಿಕೆಯ ತೋಟಗಳು, ತೋಟಗಳ ಹಿಂದೆ ಹಾಡಿ, ಹಾಡಿಯ ಹಿಂದೆ ಮೋಡ ಹೊದ್ದ ಘಟ್ಟದ ಸಾಲು. ಜೇನುಕಲ್ಲು, ಕೊಡೆಕಲ್ಲು, ಬಾಳೆಕಲ್ಲು ಎಂಬ ಶಿಖರಗಳು ಆ ಸಾಲಿನವೇ. ಅಲ್ಲಿಂದ ಇಳಿದ ತೋಡುಗಳನ್ನು ಕೂಡಿಸಿಕೊಂಡು ಮೃತ್ಯುಂಜಯಾ ಹೊಳೆಯು ಈ ಸೀಮೆಯಲ್ಲಿ ಹರಿದು, ಪಜಿರಡ್ಕದ ಬಳಿ ನೇತ್ರಾವತಿಯನ್ನು ಸೇರುವುದು.

ನಾವು ಈ ಸಲ ಹೋದದ್ದು ದೇವರ ದರ್ಶನಕ್ಕೂ ಅಲ್ಲ, ಜಲಪಾತವನ್ನು ನೋಡಲಿಕ್ಕೂ ಅಲ್ಲ. ಈಚೆಗೆ ಎಲ್ಲೆಲ್ಲಿಯೂ ಸ್ಮಾರ್ಟ್ ಗ್ರಿಡ್ಡಿನ ಮಾತು, ಸ್ಮಾರ್ಟ್ ಮೀಟರಿನ ಮಾತು, ಗ್ರಾಹಕನೇ ವಿದ್ಯುತ್ತನ್ನು ಉತ್ಪಾದಿಸಿ ಮಾರಬಹುದೆಂಬ ಮಾತು ಕೇಳಿಬರುತ್ತಿದೆ. ನಗರದ ಸಭೆಗಳಲ್ಲಿ ಆಡುವ ಈ ಮಾತಿಗೆ ತಂತಿಯ ತುದಿಯಲ್ಲಿರುವ ಒಂದು ಘಟ್ಟದಡಿಯ ಊರಿನಲ್ಲಿ ಅರ್ಥವೇನೆಂಬುದನ್ನು ಕಣ್ಣಾರೆ ಕಂಡು ತಿಳಿಯಬೇಕೆಂದು ಹೊರಟೆವು.

ವಿದ್ಯುತ್ತು ನಮ್ಮ ನಾಡಿಗೆ ಬಂದ ಬಗೆಯನ್ನು ಮೊದಲು ನೆನೆಯುವುದು ಒಳ್ಳೆಯದು. 1902ನೆಯ ಇಸವಿ ಜೂನ್ 30ರಂದು ಶಿವನಸಮುದ್ರದ ಕಾವೇರಿಯ ಬಲವು ಸುಮಾರು 147 ಕಿಲೋಮೀಟರು ದೂರದ ಕೋಲಾರದ ಚಿನ್ನದ ಗಣಿಗಳಿಗೆ ತಂತಿಯ ಮೂಲಕ ಹೋಗಿ ಮುಟ್ಟಿತು. ಈ ಕಡೆ ಜಲಪಾತ, ಆ ಕಡೆ ಗಣಿ. ನಡುವೆ ಒಂದೇ ದಾರಿ, ಹರಿವೂ ಒಂದೇ ದಿಕ್ಕಿಗೆ. ಅನಂತರ ಶರಾವತಿ, ವಾರಾಹಿ, ರಾಯಚೂರು ಎಂದು ಉತ್ಪಾದನೆಯ ಸ್ಥಾನಗಳು ಬೆಳೆದವು. 2013ನೆಯ ಇಸವಿ ಡಿಸೆಂಬರ 31ರಂದು ರಾಯಚೂರು–ಸೋಲಾಪುರ ಮಾರ್ಗವು ಜೋಡಿಸಲ್ಪಟ್ಟು ದಕ್ಷಿಣದ ಜಾಲವು ಭಾರತದ ಉಳಿದ ಜಾಲದೊಡನೆ ಒಂದಾಯಿತು. ಇಷ್ಟೆಲ್ಲ ಆದರೂ ಮನೆಯ ಬಾಗಿಲಿನಲ್ಲಿ ಮಾತ್ರ ಹಳೆಯ ಕ್ರಮವೇ ಉಳಿಯಿತು. ಮೇಲಿನಿಂದ ಬಂದದ್ದನ್ನು ಪಡೆಯುವುದು, ತಿಂಗಳ ಕೊನೆಗೆ ಬಿಲ್ಲು ಕೊಡುವುದು. ಇದರ ಹೊರತು ಗೃಹಸ್ಥನಿಗೆ ಜಾಲದಲ್ಲಿ ಬೇರೆ ಪಾತ್ರವಿರಲಿಲ್ಲ.

ಕಕ್ಕಿಂಜೆಯಲ್ಲಿ ಈ ಕ್ರಮದ ಬಲವೂ ದೌರ್ಬಲ್ಯವೂ ಒಟ್ಟಿಗೆ ಕಾಣುವುವು. 11,000 ವೋಲ್ಟಿನ ಮಾರ್ಗವು ಮರಗಳ ನಡುವೆ ನುಸುಳಿ, ತೋಟಗಳನ್ನು ಹಾದು, ಟ್ರಾನ್ಸ್‌ಫಾರ್ಮರುಗಳಲ್ಲಿ 230 ವೋಲ್ಟಿಗಿಳಿದು ಮನೆಗಳನ್ನು ಸೇರುವುದು. ಈ ಜಿಲ್ಲೆಯ ಮಳೆ ವರ್ಷಕ್ಕೆ ಸರಾಸರಿ ಸುಮಾರು 4,000 ಮಿಲಿಮೀಟರು. ಅದರ ಬಹುಪಾಲು ನಾಲ್ಕೇ ತಿಂಗಳಲ್ಲಿ ಬೀಳುವುದು. ಆಟಿಯ ಗಾಳಿಗೆ ಒಂದು ಹಲಸಿನ ಕೊಂಬೆ ತಂತಿಯ ಮೇಲೆ ಮಲಗಿದರೆ ಎಷ್ಟೋ ಮನೆಗಳು ಕತ್ತಲೆಯಾಗುವುವು. ಎಲ್ಲಿ ಕೊಂಬೆ ಬಿದ್ದಿತೆಂಬುದು ಹಳೆಯ ಜಾಲಕ್ಕೆ ತಿಳಿಯದು. ಯಾರಾದರೂ ಫೋನು ಮಾಡಬೇಕು. ಅನಂತರ ಲೈನ್‌ಮ್ಯಾನನು ಕಂಬದಿಂದ ಕಂಬಕ್ಕೆ ಮಳೆಯಲ್ಲಿ ನಡೆದು ಹುಡುಕಬೇಕು. ಬೇಸಗೆಯಲ್ಲಿ ತೊಂದರೆ ಬೇರೆ ಬಗೆಯದು. ತೋಟದ ಪಂಪುಗಳೆಲ್ಲ ಒಮ್ಮೆಲೇ ಓಡಿದರೆ ಮಾರ್ಗದ ತುದಿಯ ಮನೆಯಲ್ಲಿ ಬಲ್ಬು ಕೆಂಡದಂತೆ ಮಂಕಾಗುವುದು, ಮಿಕ್ಸಿ ಗೊಣಗುವುದು.

2019ನೆಯ ಇಸವಿ ಆಗಸ್ಟ್ 9ನ್ನು ಈ ಊರಿನವರು ಮರೆಯಲಾರರು. ಅಂದು ಘಟ್ಟದ ಮೈ ಹಲವೆಡೆ ಕುಸಿದು, ಮಣ್ಣೂ ಬಂಡೆಯೂ ಮರದ ದಿಮ್ಮಿಗಳೂ ಹೊಳೆಯಲ್ಲಿ ಒಟ್ಟಾಗಿ ಇಳಿದವು. ಮೃತ್ಯುಂಜಯೆಯು ದಡ ಮೀರಿ ತೋಟಗಳ ಮೇಲೆ ಮರಳು ಹರಡಿದಳು, ಚಾರ್ಮಾಡಿ ಗ್ರಾಮದ ಕೊಳಂಬೆಯಲ್ಲಿ ಮನೆಗಳು ಹೋದವು, ಸೇತುವೆಗಳು ಮುರಿದವು, ಘಟ್ಟದ ರಸ್ತೆ ಮುಚ್ಚಿತು. ಕಂಬಗಳೂ ತಂತಿಗಳೂ ನೆಲಕ್ಕೊರಗಿದ ಆ ರಾತ್ರಿಗಳಲ್ಲಿ ಜಾಲದ ಮೇಲೆಯೇ ಸರ್ವಸ್ವವನ್ನೂ ನಂಬಿದ ಮನೆಗೆ ಮೊಬೈಲಿನಲ್ಲಿ ಕ್ಷೇಮಸಮಾಚಾರ ತಿಳಿಸುವಷ್ಟು ವಿದ್ಯುತ್ತೂ ಉಳಿಯದು. ಇಂಥ ಸೀಮೆಯಲ್ಲಿ ವಿದ್ಯುಜ್ಜಾಲದ ಸುಧಾರಣೆಯು ಬರಿಯ ಸೌಕರ್ಯದ ವಿಷಯವಲ್ಲವೆಂದು ವಾಚಕರಿಗೆ ಬೇರೆ ಹೇಳಬೇಕಾಗಿಲ್ಲ.

ಆದರೆ ಘಟ್ಟದಡಿಯ ಜನರು ಕೈಕಟ್ಟಿ ಕುಳಿತವರಲ್ಲ. ತೋಡಿನ ನೀರನ್ನು ಕೊಳವೆಯಲ್ಲಿ ಇಳಿಸಿ, ಚಿಕ್ಕದೊಂದು ಚಕ್ರವನ್ನು ತಿರುಗಿಸಿ ಸ್ವಂತ ವಿದ್ಯುತ್ತನ್ನು ಪಡೆಯುವ ಮನೆಗಳು ಪಶ್ಚಿಮ ಘಟ್ಟದ ಈ ಮಗ್ಗುಲಲ್ಲಿಯೂ ಮಲೆನಾಡಿನಲ್ಲಿಯೂ ಹಲವಿವೆ. ಇದಕ್ಕೆ ಪಿಕೋ ಹೈಡ್ರೋ ಎಂದು ಹೆಸರು. ಲೆಕ್ಕವು ಸುಲಭವಾಗಿದೆ: ಸೆಕೆಂಡಿಗೆ 10 ಲೀಟರು ನೀರು 20 ಮೀಟರು ಎತ್ತರದಿಂದ ಇಳಿದರೆ ಅದರಲ್ಲಿ ಸುಮಾರು 1,960 ವಾಟಿನ ಬಲವಿರುವುದು, ಕೊಳವೆ, ಚಕ್ರ, ಜನರೇಟರುಗಳಲ್ಲಿ ಅರ್ಧದಷ್ಟು ಸೋರಿಹೋದರೂ ಒಂದು ಕಿಲೋವಾಟಿಗೆ ಹತ್ತಿರ ಉಳಿಯುವುದು. ಒಂದು ಮನೆಯ ದೀಪ, ಫ್ಯಾನು, ಟೀವಿಗಳಿಗೆ ಅದು ಧಾರಾಳ. ನಾವು ಕಂಡ ತೋಟದ ಹಿರಿಯರೊಬ್ಬರು ಅಂಥ ಚಕ್ರದ ಬಳಿ ನಿಂತು, "ಮಳೆಗಾಲದಲ್ಲಿ ಕರೆಂಟು ಹೋದ ಸುದ್ದಿ ನಮಗೆ ಮರುದಿನ ಪೇಟೆಗೆ ಹೋದಾಗಲೇ ಗೊತ್ತಾಗುವುದು," ಎಂದು ನಕ್ಕರು. "ಆದರೆ ಶಿವರಾತ್ರಿಯ ಹೊತ್ತಿಗೆ ತೋಡು ಬತ್ತುತ್ತದೆ ನೋಡಿ. ಮತ್ತೆ ನಾವೂ ಎಲ್ಲರ ಹಾಗೆಯೇ."

ತೋಡು ಬತ್ತುವ ಕಾಲಕ್ಕೆ ಸೂರ್ಯನು ಪ್ರಖರನಾಗುವನು. ಮಳೆಯಲ್ಲಿ ನೀರು, ಬೇಸಗೆಯಲ್ಲಿ ಬಿಸಿಲು. ಪ್ರಕೃತಿಯೇ ಸರದಿ ಹಾಕಿಕೊಟ್ಟಂತಿದೆ. ಸೌರದೀಪವು ನಮ್ಮ ನಾಡಿಗೆ ಹೊಸದಲ್ಲ. 1995ರಲ್ಲಿ ಹರೀಶ್ ಹಂದೆಯವರು ಮತ್ತೊಬ್ಬರೊಡನೆ ಸೇರಿ ಆರಂಭಿಸಿದ ಸೆಲ್ಕೋ ಸಂಸ್ಥೆಯು, ಬ್ಯಾಂಕಿನ ಸಾಲದ ಕಂತುಗಳ ಮೂಲಕ ಹಳ್ಳಿಯ ಮನೆಗಳಿಗೆ ಸೌರದೀಪಗಳನ್ನು ಒದಗಿಸಿತು. ಹಂದೆಯವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿಯೂ ಬಂದಿತು. ಆದರೆ ತೋಡಿನ ಚಕ್ರವಾಗಲಿ ಹಳೆಯ ಸೌರದೀಪವಾಗಲಿ ಒಂಟಿ ಮನೆಯ ಏರ್ಪಾಡು. ಹೆಚ್ಚಾದದ್ದು ವ್ಯರ್ಥ, ಕಡಮೆಯಾದರೆ ಕತ್ತಲೆ. ನೆರೆಯವನ ಕತ್ತಲೆಗೆ ಇವನ ಬೆಳಕು ಒದಗದು.

ಸ್ಮಾರ್ಟ್ ಗ್ರಿಡ್ ಎಂಬುದು ಈ ಒಂಟಿತನವನ್ನು ಹೋಗಲಾಡಿಸುವ ಉಪಾಯವೆಂದು ತಿಳಿಯಬಹುದು. ನಮ್ಮ ಕಡೆಯವರಿಗೆ ಇದನ್ನು ಕಟ್ಟದ ದೃಷ್ಟಾಂತದಿಂದ ವಿವರಿಸುವುದು ಸುಲಭ. ಮಳೆ ಕಳೆದು ಹೊಳೆ ಇಳಿದ ಮೇಲೆ ಊರವರು ಕೂಡಿ ಕಲ್ಲು, ಮಣ್ಣು, ಸೊಪ್ಪುಗಳಿಂದ ಕಟ್ಟ ಕಟ್ಟಿ ನೀರು ನಿಲ್ಲಿಸುವುದುಂಟು. ಯಾರ ತೋಟಕ್ಕೆ ಯಾವಾಗ, ಎಷ್ಟು ನೀರು ಎಂಬ ಸರದಿಯನ್ನು ಎಲ್ಲರೂ ಬಲ್ಲರು. ಮೇಲಿನವನು ಕೆಳಗಿನವನ ಪಾಲನ್ನು ಮರೆತರೆ ಕಟ್ಟವು ಕಟ್ಟಿಯೂ ಫಲವಿಲ್ಲ. ಹಾಗೆಯೇ ಅರಿವುಳ್ಳ ವಿದ್ಯುಜ್ಜಾಲದಲ್ಲಿ ಪ್ರತಿ ಟ್ರಾನ್ಸ್‌ಫಾರ್ಮರಿನಲ್ಲಿಯೂ ಪ್ರತಿ ಮನೆಯಲ್ಲಿಯೂ ಎಷ್ಟು ಬಂತು, ಎಷ್ಟು ಹೋಯಿತು, ಎಲ್ಲಿ ನಿಂತಿತು ಎಂಬುದು ಮೀಟರುಗಳ ಮೂಲಕ ಕಚೇರಿಗೆ ತಿಳಿಯುವುದು. ಕೊಂಬೆ ಬಿದ್ದ ಸ್ಥಳವು ಫೋನು ಬರುವ ಮೊದಲೇ ಅಂದಾಜಿಗೆ ಸಿಕ್ಕುವುದು. ವೋಲ್ಟೇಜು ಕುಸಿಯುವ ಮಾರ್ಗವು ಯಾವುದೆಂದು ಲೆಕ್ಕದಲ್ಲಿ ಕಾಣುವುದು. ಮಾಡಿನ ಮೇಲಿನ ಸೌರ ಫಲಕದಿಂದ ಜಾಲಕ್ಕೆ ಹೋದ ಯೂನಿಟ್ಟುಗಳು ಗೃಹಸ್ಥನ ಲೆಕ್ಕಕ್ಕೆ ಜಮೆಯಾಗುವುವು.

ಇದು ಕೇವಲ ಕನಸಲ್ಲ. ಕೇಂದ್ರ ಸರಕಾರವು ಮೊದಲಲ್ಲಿ ಪ್ರಯೋಗಕ್ಕಾಗಿ ಆಯ್ದುಕೊಂಡ ಸ್ಥಳಗಳಲ್ಲಿ ನಮ್ಮ ಮೈಸೂರಿನ ವಿ. ವಿ. ಮೊಹಲ್ಲಾ ವಿಭಾಗವೂ ಒಂದು. ಅಲ್ಲಿ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮವು ಸುಮಾರು 21,000 ಗ್ರಾಹಕರನ್ನು, ಮನೆ, ಅಂಗಡಿ, ಕಾರ್ಖಾನೆಗಳ ಜೊತೆಗೆ ನೀರಾವರಿ ಪಂಪುಗಳನ್ನೂ, ಈ ಪ್ರಯೋಗದೊಳಗೆ ತಂದಿತು. 2015ರಲ್ಲಿ ರಾಷ್ಟ್ರೀಯ ಸ್ಮಾರ್ಟ್ ಗ್ರಿಡ್ ಮಿಷನ್ ಹುಟ್ಟಿತು. 2024ರ ಫೆಬ್ರವರಿಯಲ್ಲಿ ಆರಂಭವಾದ ಪಿ.ಎಂ. ಸೂರ್ಯಘರ್ ಯೋಜನೆಯು ಮನೆಯ ಮಾಡಿನ ಸೌರ ಫಲಕಕ್ಕೆ ಒಂದು ಕಿಲೋವಾಟಿಗೆ 30,000 ರೂಪಾಯಿ, ಎರಡಕ್ಕೆ 60,000, ಮೂರು ಮತ್ತು ಮೇಲ್ಪಟ್ಟದ್ದಕ್ಕೆ 78,000 ರೂಪಾಯಿಗಳ ಸಹಾಯಧನವನ್ನು ಗೊತ್ತುಮಾಡಿತು. ಒಂದು ಕಿಲೋವಾಟಿನ ಫಲಕವು ಒಳ್ಳೆಯ ಬಿಸಿಲಿನಲ್ಲಿ ದಿನಕ್ಕೆ ಸುಮಾರು 4 ಯೂನಿಟ್ಟು ಕೊಡುವುದು. ಘಟ್ಟದಡಿಯ ಮಳೆಗಾಲದಲ್ಲಿ ಅದು ಬಹಳ ಇಳಿಯುವುದೆಂಬುದನ್ನು ಮಾರುವವರು ಹೇಳದಿದ್ದರೂ ಕೊಳ್ಳುವವರು ಲೆಕ್ಕಕ್ಕೆ ಹಿಡಿಯತಕ್ಕದ್ದು.

ಈಗ ನಮ್ಮ ಪ್ರವಾಸದಲ್ಲಿ ಮನಸ್ಸಿಗೆ ಎಲ್ಲಕ್ಕಿಂತ ಹೆಚ್ಚಾಗಿ ತಟ್ಟಿದ ವಿಷಯಕ್ಕೆ ಬರುವೆವು. ರಸ್ತೆಯ ಬದಿಯಲ್ಲಿ ಒಬ್ಬ ಲೈನ್‌ಮ್ಯಾನನು ಕಂಬದಿಂದಿಳಿದು ಬೆವರೊರೆಸಿಕೊಳ್ಳುತ್ತಿದ್ದನು. ಮಳೆಗಾಲದಲ್ಲಿ ಕಂಬ ಹತ್ತಲು ಹೆದರಿಕೆಯಾಗದೇ ಎಂದು ಕೇಳಿದೆವು. ಅವನು ಹೇಳಿದನು: "ಮೇಲಿಂದ ಬರುವ ಕರೆಂಟಿಗೆ ಹೆದರಿಕೆ ಇಲ್ಲ ಸ್ವಾಮೀ, ಅದನ್ನು ನಿಲ್ಲಿಸಿಯೇ ನಾವು ಹತ್ತುವುದು. ಕೆಳಗಿಂದ ಬರುವುದೇ ಹೆದರಿಕೆ. ಯಾವ ಮನೆಯಲ್ಲಿ ಜನರೇಟರು ಓಡುತ್ತಾ ಉಂಟೆಂದು ಕಂಬಕ್ಕೆ ಗೊತ್ತುಂಟಾ?"

ಈ ಮಾತಿನಲ್ಲಿ ಹೊಸ ಕಾಲದ ವಿದ್ಯುಚ್ಛಾಸ್ತ್ರದ ಮುಖ್ಯವಾದ ಒಂದು ಪಾಠವಿದೆ. ಟ್ರಾನ್ಸ್‌ಫಾರ್ಮರು 11,000 ವೋಲ್ಟನ್ನು ಇಳಿಸುವಂತೆಯೇ, ಕೆಳಗಿನಿಂದ 230 ವೋಲ್ಟು ಹೊಕ್ಕರೆ ಅದನ್ನು ಮತ್ತೆ 11,000ಕ್ಕೆ ಏರಿಸಬಲ್ಲುದು. ಜನರೇಟರನ್ನೋ ತೋಡಿನ ಚಕ್ರವನ್ನೋ ಚೇಂಜ್‌ಓವರ್ ಸ್ವಿಚ್ಚಿಲ್ಲದೆ ಮನೆಯ ತಂತಿಗೆ ನೇರವಾಗಿ ಜೋಡಿಸಿದರೆ, ಕತ್ತಲೆಯಲ್ಲಿ ಒಂದು ಮನೆಯ ದೀಪವು ಉರಿಯುವಾಗ ದೂರದ ಕಂಬದ ಮೇಲೆ ಒಬ್ಬನ ಪ್ರಾಣವು ಹೋಗಬಹುದು. ಆದುದರಿಂದಲೇ ಜಾಲಕ್ಕೆ ಜೋಡಿಸಿದ ಸೌರ ಇನ್ವರ್ಟರುಗಳು, ಜಾಲದಲ್ಲಿ ವಿದ್ಯುತ್ತು ನಿಂತೊಡನೆ ತಾವೂ ನಿಲ್ಲುವಂತೆ ರಚಿಸಲ್ಪಟ್ಟಿವೆ. ಮಾಡಿನ ಮೇಲೆ ಫಲಕ ಹಾಕಿಸಿದ ಎಷ್ಟೋ ಗೃಹಸ್ಥರು, "ಬಿಸಿಲಿದೆ, ಫಲಕವಿದೆ, ಆದರೂ ಕರೆಂಟಿಲ್ಲವೇಕೆ?" ಎಂದು ಸಿಟ್ಟಾಗುವುದುಂಟು. ಅದು ಯಂತ್ರದ ಕೆಡುಕಲ್ಲ, ಕಂಬವೇರಿದವನ ರಕ್ಷೆ. ಜಾಲ ನಿಂತಾಗಲೂ ಬೆಳಕು ಬೇಕೆನ್ನುವವರು ಬ್ಯಾಟರಿಯುಳ್ಳ, ಮನೆಯನ್ನು ಮಾರ್ಗದಿಂದ ತಾನಾಗಿ ಬೇರ್ಪಡಿಸಿಕೊಳ್ಳುವ ಇನ್ವರ್ಟರನ್ನು ಹಾಕಿಸಬೇಕು. ಅದಕ್ಕೆ ಬೆಲೆ ಹೆಚ್ಚು.

ಇನ್ನು ಹಣದ ಮಾತು. ಕರ್ನಾಟಕದಲ್ಲಿ 2023ರಿಂದ ಗೃಹಜ್ಯೋತಿ ಯೋಜನೆಯು ಮನೆಗಳಿಗೆ, ಹಿಂದಿನ ಬಳಕೆಯ ಸರಾಸರಿಯನ್ನನುಸರಿಸಿ, 200 ಯೂನಿಟ್ಟುಗಳ ಮಿತಿಯೊಳಗೆ ಉಚಿತ ವಿದ್ಯುತ್ತನ್ನು ಕೊಟ್ಟಿತು. 10 ಅಶ್ವಶಕ್ತಿಯವರೆಗಿನ ನೀರಾವರಿ ಪಂಪುಗಳಿಗೂ ಉಚಿತ ವಿದ್ಯುತ್ತಿದೆ. ಬಡವರ ಮನೆಗೆ ಇದರಿಂದಾದ ಉಪಕಾರವು ಸಣ್ಣದಲ್ಲ. ಆದರೆ ಬಿಲ್ಲಿಲ್ಲದ ಗೃಹಸ್ಥನು ಮೀಟರಿನ ಮುಖವನ್ನು ಏಕೆ ನೋಡುವನು? ಯಾವ ಗಳಿಗೆಯಲ್ಲಿ ಪಂಪು ಓಡಿಸಿದರೆ ನೆರೆಮನೆಯ ದೀಪ ಮಂಕಾಗುವುದೆಂದು ಏಕೆ ಚಿಂತಿಸುವನು? 2023ರ ಕೇಂದ್ರ ನಿಯಮಗಳು ಬಿಸಿಲಿನ ಹೊತ್ತಿನಲ್ಲಿ ದರ ಕಡಮೆ, ಸಂಜೆಯ ಹೊತ್ತಿನಲ್ಲಿ ಹೆಚ್ಚು ಎಂಬ ಪದ್ಧತಿಯನ್ನು ಹೇಳಿದವು. ಕೃಷಿಯನ್ನು ಅದರಿಂದ ಹೊರಗಿಟ್ಟವು. ಅಡಿಕೆ ತೋಟಗಳ ಈ ಊರಿನಲ್ಲಿ ಭಾರವೆಲ್ಲ ಪಂಪಿನದು. ಆದುದರಿಂದ ಇಲ್ಲಿ ದರಕ್ಕಿಂತ ಊರವರ ಒಪ್ಪಂದವೇ ಹೆಚ್ಚು ಕೆಲಸ ಮಾಡೀತೆಂದು ನಮಗೆ ತೋರುವುದು. ಕಟ್ಟದ ನೀರಿಗೆ ಸರದಿ ಹಾಕಬಲ್ಲವರು ಪಂಪಿನ ಹೊತ್ತಿಗೂ ಸರದಿ ಹಾಕಲಾರರೇ?

ಮೀಟರನ್ನು ಬದಲಿಸಿದ ಮಾತ್ರಕ್ಕೆ ಜಾಲವು ಬುದ್ಧಿವಂತವಾಗದೆಂಬುದನ್ನೂ ಹೇಳಬೇಕು. 2025ರಲ್ಲಿ ರಾಜ್ಯದಲ್ಲಿ ಹೊಸ ಸಂಪರ್ಕಗಳಿಗೆ ಸ್ಮಾರ್ಟ್ ಮೀಟರನ್ನು ಕಡ್ಡಾಯ ಮಾಡಹೊರಟಾಗ ಅದರ ಬೆಲೆಯ ವಿಷಯವು ಉಚ್ಚ ನ್ಯಾಯಾಲಯದವರೆಗೂ ಹೋಯಿತು. ಜನರ ಸಂಶಯವು ಅಕಾರಣವಲ್ಲ. ಮೀಟರು ಮಾತನಾಡಬೇಕಾದರೆ ಮೊಬೈಲಿನ ಸಂಕೇತವಾದರೂ ಮುಟ್ಟಬೇಕು. ಘಟ್ಟದ ಮಡಿಲಲ್ಲಿ ಅದು ಎಲ್ಲೆಡೆಯೂ ಮುಟ್ಟದು. ಮೀಟರು ದೂರು ಹೇಳಿದರೂ ಕೊಂಬೆ ಕಡಿಯಲು ಕೈಗಳು ಬೇಕು, ಕಂಬವೇರಲು ಆಳುಗಳು ಬೇಕು. ಗ್ರಾಹಕನಿಂದ ಹಣ ಎಣಿಸುವುದಕ್ಕೆ ಮೊದಲು ಬಂದು, ಕಡಿದ ತಂತಿಯನ್ನು ಹುಡುಕುವುದಕ್ಕೆ ಕೊನೆಗೆ ಬರುವ ಯಂತ್ರವನ್ನು ಜನರು ತಮ್ಮದೆಂದು ಭಾವಿಸುವುದು ಹೇಗೆ? ತೊಂದರೆ ಹೆಚ್ಚಾಗಿರುವ ತಂತಿಯ ತುದಿಯಲ್ಲಿಯೇ ಸುಧಾರಣೆಯು ಮೊದಲಾಗುವುದು ನ್ಯಾಯ.

ಸಂಜೆ ಪೇಟೆಯ ದೀಪಗಳು ಒಂದೊಂದಾಗಿ ಹೊತ್ತಿಕೊಂಡಾಗ ನಾವು ಘಟ್ಟದ ಕಡೆಯ ಬಸ್ಸನ್ನು ಹತ್ತಿದೆವು. ಮನೆಯಲ್ಲಿ ಜನರೇಟರೋ ಇನ್ವರ್ಟರೋ ಇರುವ ವಾಚಕರಲ್ಲಿ ನಮ್ಮದೊಂದು ಪ್ರಾರ್ಥನೆ. ಮಳೆಗಾಲ ಹಿಡಿಯುವ ಮೊದಲು ಬಲ್ಲವರನ್ನು ಕರೆಸಿ, ಚೇಂಜ್‌ಓವರ್ ಸ್ವಿಚ್ಚು ಸರಿಯಾಗಿದೆಯೇ ಎಂದು ಒಮ್ಮೆ ನೋಡಿಸಿರಿ. ತಂತಿಗೆ ತಾಗುವ ಕೊಂಬೆಯನ್ನು ನೀವೇ ಕಡಿಯಹೋಗದೆ ಕಚೇರಿಗೆ ತಿಳಿಸಿರಿ. ಸೌರ ಫಲಕ ಹಾಕಿಸುವವರು, ಜಾಲ ನಿಂತಾಗ ಅದು ಏನು ಮಾಡುವುದೆಂದು ಹಣ ಕೊಡುವ ಮೊದಲೇ ಕೇಳಿ ತಿಳಿಯಿರಿ. ಸಕ್ರಿಯ ಗ್ರಾಹಕನೆಂಬ ಹೊಸ ಹೆಸರಿಗೆ ಇವಿಷ್ಟೂ ಮೊದಲ ಪಾಠಗಳು; ಇವುಗಳನ್ನು ಕಲಿಯಲು ಹೊಸ ಮೀಟರು ಬರುವವರೆಗೆ ಕಾಯಬೇಕಾಗಿಲ್ಲ.