ಜೂಜುವಾಡಿಯ ದಾರಿಯಲ್ಲಿ ಕರಿಗನಾ ಜನಾಂಗ

ಬೆಂಗಳೂರಿನಿಂದ ಹೊರಟು ಅತ್ತಿಬೆಲೆ ದಾಟಿದೊಡನೆ ಹೆದ್ದಾರಿಯಲ್ಲಿ ಸಿಗುವ ತಮಿಳುನಾಡಿನ ಮೊದಲ ಊರು ಜೂಜುವಾಡಿ. ಈಗ ಅದು ಹೊಸೂರು ಮಹಾನಗರಪಾಲಿಕೆಗೆ ಸೇರಿಹೋಗಿದೆ. ಇಲ್ಲಿ ಬಸ್ಸಿಗಾಗಿ ಅರ್ಧ ಗಂಟೆ ಕಾದು ನಿಂತರೆ ಸಾಕು, ಒಂದು ವಿಚಿತ್ರ ಜನಾಂಗದ ಆಚಾರಗಳು ಕಣ್ಣಿಗೆ ಬೀಳುತ್ತವೆ.

1956ರಲ್ಲಿ ಹೊರೇಸ್ ಮೈನರ್ ಎಂಬ ಅಮೆರಿಕದ ಮಾನವಶಾಸ್ತ್ರಜ್ಞರು 'ನಸಿರೇಮ' ಎಂಬ ಬುಡಕಟ್ಟಿನ ಬಗ್ಗೆ ಗಂಭೀರವಾದ ಪ್ರಬಂಧ ಬರೆದರು. ಹಂದಿಯ ಕೂದಲಿನ ಕಟ್ಟನ್ನು ದಿನವೂ ಬಾಯೊಳಗೆ ಆಡಿಸುವ ಜನ ಅವರು! ಆ ಹೆಸರಿನ ಇಂಗ್ಲಿಷ್ ಅಕ್ಷರಗಳನ್ನು ಹಿಂದಿನಿಂದ ಓದಿದರೆ 'ಅಮೆರಿಕನ್' ಎಂದಾಗುತ್ತದೆ. ಹಂದಿಕೂದಲ ಕಟ್ಟು ಬೇರೇನಲ್ಲ, ಹಲ್ಲುಜ್ಜುವ ಬ್ರಷ್ಷು. ನಾವು ಕಂಡವರನ್ನು 'ಕರಿಗನಾ' ಎಂದು ಕರೆಯೋಣ. ಹಿಂದಿನಿಂದ ಓದಿಕೊಳ್ಳುವುದು ನಿಮಗೇ ಬಿಟ್ಟದ್ದು.

ಐವರು ಕೂರಬಹುದಾದ ಕಬ್ಬಿಣದ ಪೆಟ್ಟಿಗೆಯಲ್ಲಿ ಕರಿಗನಾ ಒಬ್ಬನೇ ಕೂತಿರುತ್ತಾನೆ. ಗಾಜಿಗೆ ಫಾಸ್ಟ್ಯಾಗ್ ಎಂಬ ತಾಯತ ಅಂಟಿಸಿಕೊಂಡಿದ್ದಾನೆ. ಅದನ್ನು ಕಂಡೊಡನೆ ಟೋಲ್ ಗೇಟು ತಾನಾಗಿ ತೆರೆಯುತ್ತದೆ. ತೆರೆಯದಿದ್ದರೆ ಹಿಂದಿನವರೆಲ್ಲ ಸೇರಿ ಹಾರ್ನಿನ ಭಜನೆ ಮಾಡುತ್ತಾರೆ.

ಆದರೆ ಈ ಜನಾಂಗದ ದೊಡ್ಡ ವ್ರತವೆಂದರೆ ಬಿಳುಪು. ಮನೆಯ ಮೂಲೆಯಲ್ಲಿ ದುಂಡು ಬಾಯಿಯ ದೇವತೆಯೊಂದಿದೆ. ಬಟ್ಟೆಯ ಜೊತೆ ಘಮಘಮಿಸುವ ಪುಡಿಯನ್ನೂ ಅದರ ಬಾಯಿಗೆ ಹಾಕಿದರೆ ಹೊಟ್ಟೆ ಗರಗರ ತಿರುಗುತ್ತದೆ. ನೊರೆ ಹೆಚ್ಚಿದಷ್ಟೂ ಪುಣ್ಯ ಹೆಚ್ಚು ಎಂಬುದು ಅವರ ನಂಬಿಕೆ. (ಕೊಳೆ ಹೋಗುವುದಕ್ಕೂ ನೊರೆಯ ಎತ್ತರಕ್ಕೂ ಸಂಬಂಧವಿಲ್ಲವೆಂದರೆ ನಮ್ಮ ಮನೆಯಲ್ಲೂ ಯಾರೂ ಒಪ್ಪುವುದಿಲ್ಲ!) ಭಾನುವಾರ ದೇವಾಲಯಕ್ಕೆ ಹಾಕಿಕೊಂಡು ಬರುವ ಅಂಗಿ, ಮಗಳ ಪ್ರಥಮ ಪರಮಪ್ರಸಾದದ ಬಿಳಿ ಫ್ರಾಕು ಇವನ್ನೆಲ್ಲ ನೆನೆದರೆ ನಾವೂ ಅದೇ ಕುಲದವರು.

ವ್ರತ ಮುಗಿದ ಮೇಲೆ ನೊರೆನೀರು ಎಲ್ಲಿ ಹೋಯಿತೆಂದು ಕರಿಗನಾ ಕೇಳುವುದಿಲ್ಲ. ಅದು ಮೋರಿಯಿಂದ ರಾಜಕಾಲುವೆಗೆ, ಅಲ್ಲಿಂದ ಬೆಳ್ಳಂದೂರು, ವರ್ತೂರು ಕೆರೆಗಳಿಗೆ ಸೇರುತ್ತದೆ. ಬೆಳ್ಳಂದೂರು ಕೆರೆಯಲ್ಲಿ 2017ರ ಫೆಬ್ರವರಿಯಲ್ಲಿ ಬೆಂಕಿ ಹತ್ತಿ ಉರಿದದ್ದು ನಿಮಗೆ ನೆನಪಿರಬಹುದು. ಕೆರೆಗಳಿಂದ ಹೊರಟ ನೀರು ದಕ್ಷಿಣ ಪಿನಾಕಿನಿಯನ್ನು ಕೂಡುತ್ತದೆ. ನಂದಿಬೆಟ್ಟದ ಕಡೆ ಹುಟ್ಟಿದ ಆ ಹೊಳೆ ಗಡಿ ದಾಟಿ, ತೆನ್‌ಪೆಣ್ಣೈ ಎಂದು ಹೆಸರು ಬದಲಿಸಿಕೊಂಡು, ಹೊಸೂರಿನ ಸಮೀಪ ಕೆಲವರಪಳ್ಳಿ ಅಣೆಕಟ್ಟೆಯಲ್ಲಿ ನಿಲ್ಲುತ್ತದೆ.

ಜೂಜುವಾಡಿಯಲ್ಲಿ ಹಿಂದೆ ಪ್ರತಿಯೊಂದು ಲಾರಿಯ ಕಾಗದಪತ್ರ ನೋಡಿಯೇ ಬಿಡುತ್ತಿದ್ದರು. 2017ರ ಜುಲೈಯಲ್ಲಿ ಜಿಎಸ್‌ಟಿ ಬಂದ ಮೇಲೆ ಸರಕಿನ ತೆರಿಗೆ ತಪಾಸಣೆ ನಿಂತಿತು. ಹೊಳೆಗಂತೂ ಎಂದೂ ಚೆಕ್‌ಪೋಸ್ಟ್ ಇರಲಿಲ್ಲ.

ಮಳೆಗಾಲದಲ್ಲಿ ಕೆಲವರಪಳ್ಳಿಯ ಬಾಗಿಲು ತೆರೆದಾಗ ನೋಡಬೇಕು. ಧುಮುಕುವ ನೀರು ಕಡೆದ ಹಾಗೆ ನೊರೆ ಏಳುತ್ತದೆ. ದೂರಕ್ಕೆ ಅರಳೆಯ ರಾಶಿಯಂತೆ ಚೆಂದ, ಹತ್ತಿರ ಹೋದರೆ ಮೂಗು ಮುಚ್ಚಿಕೊಳ್ಳಬೇಕು. ಗಾಳಿ ಬೀಸಿದರೆ ಅದೇ ನೊರೆ ಹಾರಿ ಹೊಲಗಳಿಗೆ ಬೀಳುತ್ತದೆ. ಕೆಲವೊಮ್ಮೆ ತಗ್ಗಿನ ಸೇತುವೆಯನ್ನೇ ಮುಚ್ಚಿಬಿಡುತ್ತದೆ. ಅಣೆಕಟ್ಟೆಯ ಕಾಲುವೆಯನ್ನೇ ನಂಬಿದ ರೈತರು ಆ ನೀರನ್ನೇ ಪೈರಿಗೆ ಹಾಯಿಸಬೇಕು. ಅವರ ಅಂಗಿ ಅಷ್ಟೇನೂ ಬೆಳ್ಳಗಿರುವುದಿಲ್ಲ.

ಕರಿಗನಾಗಳು ಮಾತ್ರ ಪೆಟ್ಟಿಗೆಯಿಂದಿಳಿದು, ಮೂಗಿಗೆ ಕರವಸ್ತ್ರ ಹಿಡಿದು, ನೊರೆಯ ಮುಂದೆ ನಿಂತು ಸೆಲ್ಫಿ ತೆಗೆದುಕೊಳ್ಳುತ್ತಾರೆ. ಕರವಸ್ತ್ರ ಹಾಲಿನಂತೆ ಬೆಳ್ಳಗಿದೆ.