ಆವರೇಜ್ ಎಷ್ಟ ಕೊಡತೈತಿ?

ಬೆಂಗಳೂರಿನವರು 'ಮೈಲೇಜ್' ಅನ್ನೋದನ್ನ ನಮ್ಮ ನವಲಗುಂದ ಕಡೆ 'ಆವರೇಜ್' ಅಂತಾರೆ. ಊರಿಗೆ ಹೊಸ ಕಾರು ಬಂದ್ರೆ ಬಣ್ಣ, ಬೆಲೆ ಎಲ್ಲ ಆಮೇಲೆ. ಮೊದಲ ಪ್ರಶ್ನೆ, 'ಆವರೇಜ್ ಎಷ್ಟ ಕೊಡತೈತಿ?' ಮಾರುತಿ ಕಂಪನಿ ಇದನ್ನೇ ಹಿಂದಿಯಲ್ಲಿ 'ಕಿತ್ನಾ ದೇತಿ ಹೈ?' ಅಂತ ಜಾಹೀರಾತು ಮಾಡಿತ್ತು.

ಡೀಸೆಲ್ ಕಾರಿನ ಗುಣ ಎಲ್ಲ ಕಡೆ ಒಂದೇ, ಕಡಿಮೆ ಎಣ್ಣೆಗೆ ಹೆಚ್ಚು ದೂರ. ಅದನ್ನ ಮಾರೋ ಮಾತು ಮಾತ್ರ ಊರಿಗೊಂದು. ಯುರೋಪಿನಲ್ಲಿ ಕಿಲೋಮೀಟರಿಗೆ ಎಷ್ಟು ಗ್ರಾಂ ಇಂಗಾಲದ ಡೈಆಕ್ಸೈಡ್ ಅಂತ ಲೆಕ್ಕ ಕೊಟ್ಟು, ತೆರಿಗೆ ಉಳಿತಾಯ ತೋರಿಸಿ ಮಾರಿದರು. ಅಮೆರಿಕದಲ್ಲಿ ಫೋಕ್ಸ್‌ವ್ಯಾಗನ್ 'ಕ್ಲೀನ್ ಡೀಸೆಲ್' ಅಂದಿತು. ಪರೀಕ್ಷೆಯ ಹೊತ್ತಿಗೆ ಮಾತ್ರ ಹೊಗೆ ತಗ್ಗಿಸೋ ಅದರ ಸಾಫ್ಟ್‌ವೇರ್ 2015ರಲ್ಲಿ ಸಿಕ್ಕಿಬಿತ್ತು.

ನಮ್ಮಲ್ಲಿ ನಡೆದದ್ದು ರೊಕ್ಕದ ಮಾತು. 2012ರ ಮೇ ತಿಂಗಳಲ್ಲಿ ದಿಲ್ಲಿಯಲ್ಲಿ ಲೀಟರ್ ಪೆಟ್ರೋಲಿಗೆ ₹73, ಡೀಸೆಲ್‌ಗೆ ₹41. ಇಷ್ಟು ಅಂತರ ಇದ್ದಾಗ ಬೇರೆ ಮಾತೇ ಬೇಕಿರಲಿಲ್ಲ. 2014ರ ಅಕ್ಟೋಬರಿನಲ್ಲಿ ಸರ್ಕಾರ ಡೀಸೆಲ್ ಬೆಲೆಯ ಮೇಲಿನ ಹಿಡಿತ ಬಿಟ್ಟಿತು. 2020ರ ಏಪ್ರಿಲ್‌ನಲ್ಲಿ ಬಿಎಸ್6 ನಿಯಮ ಬಂದಾಗ ಮಾರುತಿ ಡೀಸೆಲ್ ಕಾರನ್ನೇ ನಿಲ್ಲಿಸಿತು. 'ಡೀಸೆಲ್ ಅಂದ್ರ ಉಳಿತಾಯ' ಅನ್ನೋ ನಂಬಿಕೆ ಮಾತ್ರ ಹಳ್ಳಿಯಲ್ಲಿ ಇನ್ನೂ ಓಡ್ತಾ ಇದೆ.

ಕಾಕಾ ಕಾರು ತಗೋಬೇಕು ಅಂದಾಗ ಇದು ಹತ್ತಿರದಿಂದ ಕಂಡಿತು. ಹುಬ್ಬಳ್ಳಿಯ ಒಂದು ಶೋರೂಮಿಗೆ ನಾನು ಬೆಂಗಳೂರಿಂದ ಫೋನ್ ಮಾಡಿದಾಗ ಸೇಲ್ಸ್ ಹುಡುಗ ಹೇಳಿದ್ದು ಸನ್‌ರೂಫ್, ಟಚ್‌ಸ್ಕ್ರೀನ್, ಇಎಂಐ. ಅದೇ ಕಾರಿನ ಬಗ್ಗೆ ಕಾಕಾನ ಮುಂದೆ, "ಕಾಕಾರ, ಎರಿ ಹೊಲದ ದಾರ್‍ಯಾಗೂ ಜಗ್ಗತೈತ್ರಿ. ಐದ ಮಂದಿ ಕೂತು ಡಿಕ್ಕಿ ತುಂಬಿದ್ರೂ ದಮ್ ಕಳಕೊಳ್ಳಂಗಿಲ್ರಿ. ಆವರೇಜ್ ಇಪ್ಪತ್ತಮೂರು!"

ಜಗ್ಗೋದು ಸುಳ್ಳಲ್ಲ. ಡೀಸೆಲ್ ಎಂಜಿನ್ ಕಡಿಮೆ ವೇಗದಲ್ಲೇ ಜೋರಾಗಿ ಎಳೆಯುತ್ತೆ. ಆವರೇಜ್ ಮಾತ್ರ ಲ್ಯಾಬಿನಲ್ಲಿ ರೋಲರ್ ಮೇಲೆ ಓಡಿಸಿ ಅಳೆದದ್ದು. ಅಲ್ಲಿ ಕೆಸರಿಲ್ಲ, ಹಂಪ್ ಇಲ್ಲ, ಮೆಣಸಿನಕಾಯಿ ಚೀಲ ಇಲ್ಲ.

ಇನ್ನು ಡಿಪಿಎಫ್ ವಿಷಯವನ್ನ ಅವನು ನಮ್ಮಿಬ್ಬರಿಗೂ ಹೇಳಲಿಲ್ಲ. ಅದು ಬಿಎಸ್6 ಡೀಸೆಲ್ ಕಾರಿನ ಹೊಗೆಯಲ್ಲಿರೋ ಮಸಿ ಹಿಡಿಯೋ ಫಿಲ್ಟರ್. ಆ ಮಸಿ ಸುಟ್ಟುಹೋಗಬೇಕಾದ್ರೆ ಗಾಡಿ ಆಗಾಗ ಹೈವೇ ವೇಗದಲ್ಲಿ ಒಂದಿಷ್ಟು ಹೊತ್ತು ಓಡಬೇಕು. ಮನೆಯಿಂದ ಹೊಲಕ್ಕೆ, ಹೊಲದಿಂದ ಸೊಸೈಟಿಗೆ ಅಂತ ಎರಡು ಮೂರು ಕಿಲೋಮೀಟರ್ ಮಾತ್ರ ಓಡಿಸಿದ್ರೆ ಫಿಲ್ಟರ್ ಕಟ್ಟಿಕೊಳ್ಳುತ್ತೆ. ಬೆಂಗಳೂರಿನ ಟ್ರಾಫಿಕ್ಕಿನಲ್ಲೂ ಇದೇ ಕಥೆ.

ರಾತ್ರಿ ಕಾಕಾ, ನಾನು ಫೋನಿನಲ್ಲೇ ಲೆಕ್ಕ ಹಾಕಿದ್ವಿ. ಡೀಸೆಲ್ ಮಾಡೆಲ್‌ಗೆ ಒಂದು ಲಕ್ಷ ಜಾಸ್ತಿ ಅಂತ ಹಿಡೀರಿ. ಪೆಟ್ರೋಲ್ ಲೀಟರಿಗೆ ₹103, ಆವರೇಜ್ 15. ಡೀಸೆಲ್ ₹91, ಆವರೇಜ್ 20. ಕಿಲೋಮೀಟರಿಗೆ ಉಳಿಯೋದು ಸುಮಾರು ₹2.30. ಆ ಲಕ್ಷ ವಾಪಸ್ ಬರೋಕೆ 43,000 ಕಿಲೋಮೀಟರಿಗೂ ಹೆಚ್ಚು ಓಡಬೇಕು. ಅಣ್ಣಿಗೇರಿ-ಹುಬ್ಬಳ್ಳಿ ಬಾಡಿಗೆ ಹೊಡೆಯೋರು ತಿಂಗಳಿಗೆ 3,000 ಓಡಿಸಿದ್ರೆ ಒಂದೂಕಾಲು ವರ್ಷದೊಳಗೆ ಬಂತು. ಅವರಿಗೆ ಡೀಸೆಲ್ ಸರಿ. ಕಾಕಾನ ಓಡಾಟ ತಿಂಗಳಿಗೆ 700. ಐದು ವರ್ಷ ದಾಟುತ್ತೆ.

"ಅಂದ್ರ ಐದ ವರ್ಷ ಕಂಪನಿಗೆ ನಾನ ಮುಂಗಡ ಕೊಟ್ಟಂಗಾತಲ್ಲೋ ತಮ್ಮಾ!" ಅಂದ್ರು ಕಾಕಾ. "ಜಗ್ಗಾಕ ಮನ್ಯಾಗ ಟ್ರ್ಯಾಕ್ಟರ್ ಐತಿ." ಪೆಟ್ರೋಲ್ ಕಾರು ಬುಕ್ ಆಯ್ತು.

ಊರಲ್ಲಿರೋ ಅಪ್ಪ-ಅವ್ವನಿಗೆ ಕಾರು ಕೊಡಿಸಿ, ಇಲ್ಲಿಂದ ಇಎಂಐ ಕಟ್ಟೋರು ನಮ್ಮಲ್ಲಿ ಬಹಳ ಜನ. ಆವರೇಜ್ ಕೇಳೋ ಮೊದಲು ಅವರನ್ನ ಎರಡು ಮಾತು ಕೇಳಿ: ತಿಂಗಳಿಗೆ ಎಷ್ಟು ಓಡಿಸ್ತೀರಿ, ಒಂದು ಸಲಕ್ಕೆ ಎಷ್ಟು ದೂರ ಹೋಗ್ತೀರಿ? ಇವೆರಡಕ್ಕೂ ಉತ್ತರ ಯಾವ ಜಾಹೀರಾತಿನಲ್ಲೂ ಇರಲ್ಲ, ಮನೆಯವರಿಗೇ ಗೊತ್ತಿರೋದು.