ಗಾಳಿಗೆ ಬಿಡುವ ಮುನ್ನ

ಬೆಂಗಳೂರಿನ ಗಾಳಿ ತೆಳು. ಊರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಹಾಗಾಗಿ ಮಂಗಳೂರಿನ ಗಾಳಿಗಿಂತ ಇಲ್ಲಿಯದು ಹೆಚ್ಚುಕಡಿಮೆ ಶೇ. 9ರಷ್ಟು ಹಗುರ. ಜಯನಗರ ನಾಲ್ಕನೇ ಬ್ಲಾಕಿನಲ್ಲಿ ಸೊಪ್ಪು ಕೊಳ್ಳುವವರಿಗಾಗಲಿ, ಬನಶಂಕರಿ ಅಮ್ಮನ ಗುಡಿಯಲ್ಲಿ ನಿಂಬೆಹಣ್ಣಿನ ದೀಪ ಹಚ್ಚುವವರಿಗಾಗಲಿ ಇದು ಗೊತ್ತಾಗುವ ಸಂಗತಿಯಲ್ಲ. ಮುಕ್ಕಾಲು ಕಿಲೋ ತೂಗುವ ಫೋಮಿನ ವಿಮಾನವನ್ನು ಕೈಯಾರೆ ಕಟ್ಟಿ, ಕೈಯಾರೆ ಎಸೆದು ಹಾರಿಸುವವರಿಗೆ ಮಾತ್ರ ಗೊತ್ತಾಗುತ್ತದೆ. ಗಾಳಿ ತೆಳುವಾದಷ್ಟೂ ಅದೇ ರೆಕ್ಕೆ ಅದೇ ಭಾರ ಹೊರಲು ಇನ್ನಷ್ಟು ವೇಗ ಕೇಳುತ್ತದೆ. ಕಡಲತೀರದಲ್ಲಿ ಬೇಕಾದದ್ದಕ್ಕಿಂತ ಶೇ. 5ರಷ್ಟು ಹೆಚ್ಚು. ಇಂಧನ ಉರಿಸುವ ಎಂಜಿನ್ನು ಇಂಥ ಗಾಳಿಯಲ್ಲಿ ಉಸಿರು ಸಾಲದೆ ತುಸು ಸೊರಗುತ್ತದೆ. ವಿದ್ಯುತ್ ಮೋಟರಿಗೆ ಉಸಿರಿನ ಹಂಗಿಲ್ಲ. ಬೆಳಗಿನ ಹೊತ್ತು ಅಕ್ಕಪಕ್ಕದವರ ನಿದ್ದೆಯನ್ನೂ ಅದು ಕೆಡಿಸುವುದಿಲ್ಲ. ನಮ್ಮೂರಿಗೆ ಒಪ್ಪುವ ಯಂತ್ರ ಅದೇ ಎಂದು ನನ್ನ ದೃಢವಾದ ನಂಬಿಕೆ.

ಈ ಯಂತ್ರ ನಮ್ಮ ಕೈಗೆ ಸಿಗುವವರೆಗೆ ಬಹಳ ಕಾಲ ಹಿಡಿಯಿತು. ಇಂಗ್ಲೆಂಡಿನ ಕರ್ನಲ್ ಎಚ್. ಜೆ. ಟ್ಯಾಪ್ಲಿನ್ ಅವರು ‘ರೇಡಿಯೊ ಕ್ವೀನ್’ ಎಂಬ ಮಾದರಿ ವಿಮಾನವನ್ನು ವಿದ್ಯುತ್ ಮೋಟರಿನಿಂದ ಹಾರಿಸಿದ್ದು 1957ರಲ್ಲಿ. ಮುಂದೆ ದಶಕಗಟ್ಟಲೆ ಬ್ಯಾಟರಿಯ ಭಾರವೇ ಈ ಹವ್ಯಾಸದ ಕಾಲಿಗೆ ತೊಡರಿಕೊಂಡಿತ್ತು. ಆ ತೊಡಕು ಬಿಡಿಸಿದ್ದು ಲಿಥಿಯಂ ಪಾಲಿಮರ್ ಬ್ಯಾಟರಿ, ಹಾರಿಸುವವರ ಬಾಯಲ್ಲಿ ‘ಲಿಪೊ’. ಮೂರು ಕೋಶ, 11.1 ವೋಲ್ಟ್, 2200 ಮಿಲಿಆಂಪ್-ಅವರ್‌ನ ಪೊಟ್ಟಣ ಸುಮಾರು 180 ಗ್ರಾಂ ತೂಗುತ್ತದೆ. ಅದರಿಂದ ಎಂಟು ನಿಮಿಷ ನಿಶ್ಚಿಂತೆಯಾಗಿ ಹಾರಿಸಬಹುದು.

ನನ್ನ ಮಟ್ಟಿಗೆ ಈ ಹವ್ಯಾಸದ ಅರ್ಧ ಸುಖ ನೆಲದ ಮೇಲೆಯೇ ಇದೆ. ರಾತ್ರಿ ಊಟವಾದ ಮೇಲೆ ಮೇಜು ಒರೆಸಿ, ಫೋಮ್ ಬೋರ್ಡ್ ಹಾಸಿ, ಸ್ಕೇಲು ಇಟ್ಟು ಮೊದಲ ಗೆರೆ ಎಳೆಯುವಾಗಿನ ಖುಷಿಯೇ ಬೇರೆ. ರೆಕ್ಕೆ ಈ ತುದಿಯಿಂದ ಆ ತುದಿಗೆ 120 ಸೆಂಟಿಮೀಟರ್, ಅಗಲ 20. ರೆಕ್ಕೆ ಒಡಲ ಮೇಲ್ಗಡೆ ಕೂರಬೇಕು, ಎರಡೂ ತುದಿ ತುಸು ಮೇಲೆದ್ದಿರಬೇಕು. ಆಗ ವಿಮಾನ ಒಂದು ಕಡೆ ವಾಲಿದರೂ ತಾನಾಗಿ ಸರಿಹೋಗಲು ನೋಡುತ್ತದೆ. ಕಲಿಯುವವರ ವಿಮಾನಕ್ಕೆ ಬೇಕಾದ ಗುಣವೇ ಇದು. ಒಳಗೆ ಬೆನ್ನೆಲುಬಾಗಿ ಕಾರ್ಬನ್ ಕಡ್ಡಿ. ಬಾಲದಲ್ಲಿ ಮೂಗನ್ನು ಮೇಲೆ-ಕೆಳಗೆ ಮಾಡುವ ಎಲಿವೇಟರ್, ಎಡಬಲ ತಿರುಗಿಸುವ ರಡ್ಡರ್‌ಗಳನ್ನು ಎಳೆದು ನೂಕಲು ಸೈಕಲ್ಲಿನ ಸ್ಪೋಕು. ಅದಕ್ಕಿಂತ ನೇರವಾದ, ಅಗ್ಗದ ತಂತಿ ನಾನು ಕಂಡಿಲ್ಲ. ಥರ್ಮಾಕೋಲ್ ಬಳಸಿದ ಕಡೆ ಫೆವಿಕಾಲೇ ಆಗಬೇಕು. ಕ್ಷಣದಲ್ಲಿ ಹಿಡಿಯುವ ಗೋಂದು ಥರ್ಮಾಕೋಲನ್ನು ಕರಗಿಸಿಬಿಡುತ್ತದೆ. ಫೆವಿಕಾಲು ಒಣಗಲು ರಾತ್ರಿಯಿಡೀ ಬೇಕು. ಆ ಕಾಯುವಿಕೆಯನ್ನೂ ನಾನು ಇಷ್ಟಪಡುತ್ತೇನೆ. ಬೆಳಗ್ಗೆ ಎದ್ದು, ಕಾಫಿಗೂ ಮೊದಲು, ಅಂಟಿದ ರೆಕ್ಕೆಯನ್ನು ಮೆಲ್ಲಗೆ ಅದುಮಿ ನೋಡುವುದು ಆ ದಿನದ ಮೊದಲ ಸಂತೋಷ.

ವೈರು, ಕನೆಕ್ಟರುಗಳಿಗೆ ಎಸ್.ಪಿ. ರಸ್ತೆ ಇದ್ದೇ ಇದೆ. ಇನ್ನು ಮೋಟರು: 1000 ಕೆ.ವಿ. ಎಂದರೆ ಭಾರವಿಲ್ಲದಿದ್ದಾಗ ಪ್ರತಿ ವೋಲ್ಟಿಗೆ ನಿಮಿಷಕ್ಕೆ ಸಾವಿರ ಸುತ್ತು. ನಮ್ಮ ಲಿಪೊಗೆ ಹನ್ನೊಂದು ಸಾವಿರ. ಆ ವೇಗದ ಪ್ರೊಪೆಲ್ಲರು ಬೆರಳಿಗೆ ಕತ್ತಿ. ಅದಕ್ಕೇ ಮೇಜಿನ ಮೇಲೆ ಏನೇ ಪರೀಕ್ಷೆ ನಡೆದರೂ ಪ್ರೊಪೆಲ್ಲರು ಡಬ್ಬಿಯಲ್ಲಿರಬೇಕು. ಅದು ಮೋಟರಿಗೆ ಏರುವುದು ಎಲ್ಲಕ್ಕೂ ಕೊನೆಗೆ. ಲಿಪೊ ಚಾರ್ಜ್ ಮಾಡುವಾಗ ಹಾಲು ಕಾಯಿಸುವ ಒಲೆಯ ಮುಂದೆ ನಿಂತ ಹಾಗೆ ಮನುಷ್ಯ ಅಲ್ಲಿಯೇ ಇರಬೇಕು. ಚಾರ್ಜಿನ ಪ್ರವಾಹ 2.2 ಆಂಪ್ ದಾಟಬಾರದು, ಕೋಶವೊಂದಕ್ಕೆ 4.2 ವೋಲ್ಟ್ ಮೀರಬಾರದು. ಕೆಲವು ದಿನ ಹಾರಿಸುವುದಿಲ್ಲವೆಂದರೆ ಪ್ರತಿ ಕೋಶವನ್ನೂ 3.8 ವೋಲ್ಟಿಗೆ ಇಳಿಸಿ ಎತ್ತಿಡಬೇಕು. ಉಬ್ಬಿದ ಬ್ಯಾಟರಿಯ ಮೇಲೆ ಮಮತೆ ಸಲ್ಲದು. ಅದನ್ನು ಇ-ತ್ಯಾಜ್ಯ ಪಡೆಯುವವರಿಗೆ ಒಪ್ಪಿಸಬೇಕು.

ಎಲ್ಲ ಜೋಡಿಸಿದ ಮೇಲೆ ಬರುವುದು ನನಗೆ ಬಹಳ ಪ್ರಿಯವಾದ ಗಳಿಗೆ: ತೂಕದ ನಡು ಹುಡುಕುವುದು. ರೆಕ್ಕೆಯ ಮುಂದಂಚಿನಿಂದ ಐದಾರು ಸೆಂಟಿಮೀಟರ್ ಹಿಂದೆ, ಅಂದರೆ ಅಗಲದ ಕಾಲು ಭಾಗದಿಂದ ಶೇ. 30ರ ನಡುವೆ, ಎರಡು ಕಡೆ ತೋರುಬೆರಳು ಕೊಟ್ಟು ವಿಮಾನವನ್ನು ಎತ್ತಬೇಕು. ಮೂಗು ಎದ್ದರೆ ಬ್ಯಾಟರಿ ಮುಂದಕ್ಕೆ, ಬಗ್ಗಿದರೆ ಹಿಂದಕ್ಕೆ. ಹಾಗೆ ಸರಿಸುತ್ತ ಸರಿಸುತ್ತ ಒಮ್ಮೆ ಅದು ಬೆರಳ ತುದಿಯಲ್ಲಿ ಅಲುಗದೆ ನಿಂತುಬಿಡುತ್ತದೆ. ಬಾಲ ಭಾರವಾದ ವಿಮಾನವನ್ನು ಎಂಥ ಕೈಯೂ ಸಂಭಾಳಿಸಲಾರದು. ಇದೇ ಊರಿನ ಎಚ್‌ಎಎಲ್ ವಿಮಾನ ಕಾರ್ಖಾನೆಯಲ್ಲಿ ವಿ. ಎಂ. ಘಾಟಗೆ ಅವರ ತಂಡ ರೂಪಿಸಿ, 1951ರಲ್ಲಿ ಹಾರಿಸಿದ ಎಚ್‌ಟಿ-2 ತರಬೇತಿ ವಿಮಾನಕ್ಕೂ ತೂಕದ ನಡುವಿನ ಈ ಲೆಕ್ಕ ತಪ್ಪಿರಲಿಲ್ಲ. ನನ್ನ ಫೋಮಿನ ವಿಮಾನಕ್ಕೂ ಅದೇ ಲೆಕ್ಕ ಎಂದು ನೆನೆದಾಗ ಎದೆ ಉಬ್ಬುತ್ತದೆ.

ಇನ್ನು ಹಾರಿಸುವುದೆಲ್ಲಿ? ಜಯನಗರದ ಶಾಲಿನಿ ಮೈದಾನ ಕ್ರಿಕೆಟ್ಟಿನ ಹುಡುಗರದು. ಜೆ.ಪಿ. ನಗರದ ಪುಟ್ಟೇನಹಳ್ಳಿ ಕೆರೆ ಹಕ್ಕಿಗಳದು, ತುರಹಳ್ಳಿ ಕಾಡು ಕಾಡಿನ ಜೀವಿಗಳದು. ಬಿಟಿಎಂ ಬಡಾವಣೆಯಿಂದ ಎಚ್‌ಎಎಲ್ ನಿಲ್ದಾಣ ದೂರವೇನಲ್ಲ. ಪ್ರಯಾಣಿಕ ವಿಮಾನಗಳು 2008ರ ಮೇ ತಿಂಗಳಲ್ಲಿ ದೇವನಹಳ್ಳಿಗೆ ಹೋದರೂ ಹೆಲಿಕಾಪ್ಟರುಗಳು, ಪರೀಕ್ಷಾ ಹಾರಾಟಗಳು ಇಲ್ಲೇ ಉಳಿದವು. ಆಕಾಶ ಖಾಲಿ ಕಂಡರೂ ಅದಕ್ಕೆ ಹಕ್ಕುದಾರರಿದ್ದಾರೆ. 2021ರ ಡ್ರೋನ್ ನಿಯಮಗಳು ಮಾದರಿ ವಿಮಾನಗಳನ್ನೂ ಒಳಗೊಂಡಿವೆ. ಹವ್ಯಾಸಕ್ಕೆ ಹಾರಿಸುವ ವಿಮಾನ ಕಣ್ಣಳತೆಯಲ್ಲೇ ಇರಬೇಕು. ಸರಕಾರದ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ಅನುಮತಿ ಬೇಡದ ಹಸಿರು ವಲಯದಲ್ಲಿ 400 ಅಡಿ ಮಿತಿ. ವಿಮಾನ ನಿಲ್ದಾಣದ ಅಂಚಿನಿಂದ 8ರಿಂದ 12 ಕಿಲೋಮೀಟರ್ ನಡುವಿನ ಪಟ್ಟಿಯಲ್ಲಿ ಆ ಹಸಿರು 200 ಅಡಿಗೇ ಮುಗಿಯುತ್ತದೆ, ಅದಕ್ಕೂ ಹತ್ತಿರವಾದರೆ ಅನುಮತಿ ಬೇಕು. ಪ್ರತಿ ಸಲ ಹೊರಡುವ ಮುನ್ನ ನಕ್ಷೆ ತೆರೆದು ನೋಡುವುದು ನನಗೆ ಬೇಸರದ ಕೆಲಸವಲ್ಲ. ಯಾರ ಮನೆಗಾದರೂ ಹೋಗುವಾಗ ಮೊದಲು ಕೇಳಿ ಹೋಗುವ ಮರ್ಯಾದೆ ಅದು.

ಹಾಗೆ ನೋಡಿ, ಕೇಳಿ, ಬನಶಂಕರಿ ಆರನೇ ಹಂತ ದಾಟಿ ಕನಕಪುರ ರಸ್ತೆಯ ಆಚೆ, ಯಜಮಾನರ ಒಪ್ಪಿಗೆ ಪಡೆದ ಹೊಲವೊಂದಕ್ಕೆ ಹೋಗುತ್ತೇನೆ. ರಾಗಿ ಕೊಯ್ಲಾದ ಮೇಲಿನ ಕೂಳೆ ಹೊಟ್ಟೆಯ ಮೇಲೆ ಇಳಿಯುವ ವಿಮಾನಕ್ಕೆ ಮೆತ್ತನೆಯ ಹಾಸು. ಆಷಾಢದ ಗಾಳಿ ಗಾಳಿಪಟದವರ ಭಾಗ್ಯ. ನಮಗೆ ಬೇಕಾದದ್ದು ಮಾಗಿಯ ಬೆಳಗು, ಬಿಸಿಲೇರಿ ನೆಲ ಕಾಯುವ ಮುಂಚಿನ ತಣ್ಣನೆಯ ಹೊತ್ತು.

ವಿಮಾನ ಹೊರತೆಗೆಯುತ್ತಲೇ ಯಜಮಾನರ ಮೊಮ್ಮಗ ಓಡಿಬರುತ್ತಾನೆ. “ಅಂಕಲ್, ಇವತ್ತು ನಾನು ಎಸೀಲಾ?”

“ಎಸೆಯೋದು ಆಮೇಲೆ ಕಣೋ. ಮೊದಲು ನನ್ನ ಜೊತೆ ಚೆಕ್ ಮಾಡು.”

ಮೊದಲು ಟ್ರಾನ್ಸ್‌ಮಿಟರ್, ಆಮೇಲೆ ವಿಮಾನದ ಬ್ಯಾಟರಿ. ಮುಗಿಸುವಾಗ ಇದೇ ಕ್ರಮ ತಿರುಗುಮುರುಗು. ಟ್ರಾನ್ಸ್‌ಮಿಟರಿನ ಕಡ್ಡಿ ಬಲಕ್ಕೆ ತಳ್ಳಿ ಕೇಳುತ್ತೇನೆ: “ರಡ್ಡರ್ ಯಾವ ಕಡೆ ಹೋಯ್ತು?” “ಬಲಗಡೆ.” ಕಡ್ಡಿ ನನ್ನತ್ತ ಎಳೆದು: “ಎಲಿವೇಟರ್?” “ಮೇಲಕ್ಕೆ, ಅಂಕಲ್.” ಪ್ರೊಪೆಲ್ಲರ್ ಹಾಕದೆ, ಮೋಟರು ತಿರುಗುತ್ತಿರುವಾಗಲೇ ಟ್ರಾನ್ಸ್‌ಮಿಟರ್ ಆರಿಸುತ್ತೇನೆ, ಮೋಟರು ತಾನಾಗಿ ನಿಲ್ಲಬೇಕು. ಸಂಕೇತ ಕಡಿದುಹೋದ ವಿಮಾನ ಶಕ್ತಿ ಹೊತ್ತು ಊರ ಕಡೆ ಹೋಗಬಾರದಲ್ಲ! ಹುಡುಗ ಒಣಹುಲ್ಲು ಎತ್ತಿ ಬಿಟ್ಟು ಗಾಳಿ ಎತ್ತಲಿನದೆಂದು ಹೇಳುತ್ತಾನೆ. ಬ್ಯಾಟರಿ ಬಿಡಿಸಿ ಪ್ರೊಪೆಲ್ಲರು ಬಿಗಿಯುತ್ತೇನೆ, ಮತ್ತೆ ಅದೇ ಕ್ರಮದಲ್ಲಿ ಟ್ರಾನ್ಸ್‌ಮಿಟರ್, ಬ್ಯಾಟರಿ. ಅವನು ನನ್ನ ಹಿಂದೆ ನಿಲ್ಲುತ್ತಾನೆ.

ಗಾಳಿಗೆ ಎದುರಾಗಿ, ಮೂಗು ಮಟ್ಟಸವಾಗಿ ಹಿಡಿದು ನೂಕಿದರೆ ಸಾಕು. ಕೈ ಬಿಟ್ಟ ಆ ಕ್ಷಣದಲ್ಲಿ ವಾರಗಳ ಕೆಲಸವೆಲ್ಲ ಒಟ್ಟಾಗಿ ಮೇಲೇರುತ್ತದೆ. ಎತ್ತರವೇ ಹಾರಿಸುವವನ ಉಳಿತಾಯ. ಸಾಕಷ್ಟು ಎತ್ತರದಲ್ಲಿ ಏನು ಕೆಟ್ಟರೂ ಸರಿಪಡಿಸಲು ಸಮಯ ಸಿಗುತ್ತದೆ. ವಿಮಾನ ದೂರ ಹೋಗುವಾಗ ಎಡಬಲ ಸುಲಭ. ನಮ್ಮತ್ತ ಬರುವಾಗ ತಿರುಗುಮುರುಗು. ಆಗ ಯಾವ ರೆಕ್ಕೆ ತಗ್ಗಿದೆಯೋ ಆ ಕಡೆಗೇ ಕಡ್ಡಿ ಒತ್ತಿದರೆ ವಿಮಾನ ಸಮವಾಗುತ್ತದೆ. ಇಳಿಯುವಾಗ ಎತ್ತರವನ್ನು ಥ್ರಾಟಲ್ ಕಾಯುತ್ತದೆ, ವೇಗವನ್ನು ಎಲಿವೇಟರ್ ಕಾಯುತ್ತದೆ. ತೆಳು ಗಾಳಿಯ ನಮ್ಮೂರಿನಲ್ಲಿ ಆ ವೇಗವನ್ನು ಇನ್ನಷ್ಟು ಜೋಪಾನ ಮಾಡಬೇಕು.

ಬಿಸಿಲೇರಿದಾಗ ಕರಿಹದ್ದುಗಳು ಬರುತ್ತವೆ. ಅವು ರೆಕ್ಕೆ ಬಡಿಯದೆ ಸುತ್ತುವ ಕಡೆ ಬಿಸಿಗಾಳಿ ಏಳುತ್ತಿದೆ ಎಂದರ್ಥ. ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯ ತನ್ನ 30 ಸೆಂಟಿಮೀಟರಿನ ಪುಟ್ಟ ವಿಮಾನಕ್ಕೆ ‘ಬ್ಲ್ಯಾಕ್ ಕೈಟ್’ ಎಂದು ಇದೇ ಹಕ್ಕಿಯ ಹೆಸರಿಟ್ಟಿದೆ. ಹದ್ದುಗಳು ಹತ್ತಿರ ಸುಳಿದರೆ ನಾನು ವಿಮಾನ ಇಳಿಸಿಬಿಡುತ್ತೇನೆ. ಕೂತು ಅವುಗಳ ಹಾರಾಟ ನೋಡುವುದು ಆ ಬೆಳಗಿನ ಎರಡನೆಯ ಪಾಠ.

ಈ ಎಚ್ಚರಗಳನ್ನೆಲ್ಲ ಸಂತೋಷಕ್ಕೆ ಅಡ್ಡಿ ಎಂದು ಕೆಲವರು ತಿಳಿಯುತ್ತಾರೆ. ನಾನು ಹಾಗೆ ತಿಳಿದಿಲ್ಲ. ತೂಕದ ನಡು ಹುಡುಕುವ ಬೆರಳು, ಚಾರ್ಜರಿನ ಪಕ್ಕದ ಕುರ್ಚಿ, ನಕ್ಷೆ ನೋಡುವ ಕಣ್ಣು, ಹಿಂದೆ ನಿಂತ ಹುಡುಗ, ಇವೆಲ್ಲ ಹಾರಾಟದ ಭಾಗಗಳೇ; ವಿಮಾನವನ್ನು ಪ್ರೀತಿಸುವುದೆಂದರೆ ಇಷ್ಟನ್ನೂ ಮನಸಾರೆ ಮಾಡುವುದು. ಆದರೆ ಹೊಲಗಳು ಸೈಟುಗಳಾಗುತ್ತಿವೆ, ಸೈಟುಗಳಲ್ಲಿ ಮನೆಗಳೇಳುತ್ತಿವೆ. ಬನಶಂಕರಿ, ಕುಮಾರಸ್ವಾಮಿ ಬಡಾವಣೆಗಳ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ರೆಕ್ಕೆಯ ಶಾಸ್ತ್ರ ಓದುವ ಮಕ್ಕಳಿದ್ದಾರೆ. ಹೊಲದ ಬದುವಿನಲ್ಲಿ ‘ನಾನು ಎಸೀಲಾ?’ ಎಂದು ಕೇಳುವ ಮಕ್ಕಳಿದ್ದಾರೆ. ವಿಮಾನಗಳ ಊರು ಎನಿಸಿಕೊಂಡ ಬೆಂಗಳೂರು ಅವರಿಗಾಗಿ ದಕ್ಷಿಣದ ಅಂಚಿನಲ್ಲಿ ಬೇಲಿ ಹಾಕಿದ ಒಂದು ಮೈದಾನ, ಒಂದು ಗಾಳಿಚೀಲ, ವಾರಕ್ಕೆರಡು ಬೆಳಗು ಕಲಿಸುವ ಒಬ್ಬ ಅನುಭವಿ, ಇಷ್ಟನ್ನು ಕೊಡಬೇಕು. ಎಚ್ಚರವನ್ನು ಪುಸ್ತಕದಿಂದ ಕಲಿಸಲಾಗದು. ಕಲಿಯಲು ಒಂದು ಬಯಲು ಬೇಕು.